ಸೀಟಿನ ಕೆಳಗಿನ ಅರ್ತ್ ವೈರು

ಲೋ ದೊಡ್ಡವನೇ,

ಕಾರಿನ ಸ್ಟೀರಿಯೋ ಸರಿಮಾಡಿದ್ದೀನಿ. ಆ ಸುಯ್ ಅನ್ನೋ ಸದ್ದಿಗೆ ನಿನ್ನ ತಮ್ಮ ಕಾರಣ ಅಲ್ಲ. ಜೋರಾಗಿ ಹಾಡು ಹಾಕಿ ಸ್ಪೀಕರ್ ಒಡೆದ ಅಂತ ನಿನ್ನೆ ಅವನ ತಲೇನ ಡ್ಯಾಶ್‌ಬೋರ್ಡಿಗೆ ಚಚ್ಚಿ, ಕಪಾಳಕ್ಕೆ ಬಾರಿಸಿದೆಯಲ್ಲ, ಸ್ಪೀಕರ್ ಎರಡೂ ನೆಟ್ಟಗಿವೆ. ತುಕ್ಕು ಹಿಡೀಬಾರದು ಅಂತ ಹೋದ ವಾರ ಸೀಟಿನ ಕೆಳಗೆ ಬಣ್ಣ ಬಳಿದವನು ನೀನು. ಆ ಬಣ್ಣದ ಮೇಲೇ ಸ್ಟೀರಿಯೋದ ಅರ್ತ್ ವೈರ್ ಬಿಗಿದವನೂ ನೀನೇ. ಬಣ್ಣದ ಮೇಲೆ ಅರ್ತ್ ಎಲ್ಲಾದರೂ ಹಿಡಿಯುತ್ತೇನೋ? ರೇಡಿಯೋ ರಿಪೇರಿ ಮಾಡಿ ನಿಮ್ಮಿಬ್ಬರನ್ನೂ ಸಾಕಿದವಳು ಮನೇಲೇ ಇದ್ದೆ. ನನ್ನ ಒಂದು ಮಾತು ಕೇಳೋದು ಬಿಟ್ಟು ಕೈ ಬೀಸಿದೆ. ನಾನು ಬಣ್ಣ ಕೆರೆದು ಬರೀ ತಗಡಿಗೆ ವೈರ್ ಬಿಗಿದೆ, ಸದ್ದು ನಿಂತಿತು.

ಸೀಟಿನ ಮೇಲಿನ ರಕ್ತ ನೀನೇ ಒರೆಸು. ಬಿಸಿನೀರು ಹಾಕಬೇಡ, ಕಲೆ ಕೂತುಬಿಡುತ್ತೆ. ಊಟ ಮುಚ್ಚಿಟ್ಟಿದ್ದೀನಿ, ತಿಂದು ಸಾಯಿ. ನನ್ನ ಸ್ಕ್ರೂಡ್ರೈವರ್ ಮುಟ್ಟಿದರೆ ಕೈ ಮುರೀತೀನಿ.

ನಾನೂ ನಿನ್ನ ತಮ್ಮನೂ ಕಿವಿ ಡಾಕ್ಟರ ಹತ್ತಿರ ಬಸ್ಸಲ್ಲಿ ಹೋಗ್ತಿದ್ದೀವಿ. ನಿನ್ನ ಕಾರು ಹತ್ತಲ್ಲ ಅಂತಾನೆ.

ಹಾಡು ಹಾಕಿ ನೋಡು, ಗಂಟೆ ಹೊಡೆದ ಹಾಗೆ ಕೇಳುತ್ತೆ. ನಿನ್ನ ತಮ್ಮನ ಎಡಗಿವಿಯಲ್ಲಿ ಮಾತ್ರ ನಿನ್ನೆಯಿಂದ ಸುಯ್ ಅನ್ನೋದು ನಿಂತೇ ಇಲ್ಲ. ಆ ರಿಪೇರಿ ನನಗೆ ಬರಲ್ಲ ಕಣೋ.

ಅಮ್ಮ