ನಾಲ್ಕನೇ ಪಾಠದ ಕೆಮ್ಮು

ಮನೆಯಿಂದ,
೧೪ನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಗದದ ಮೊದಲ ಸಾಲಿಗೆ ಇರಲಿ ಎಂದು ಕೇಳಿದ ಪ್ರಶ್ನೆಯಲ್ಲ ಇದು, ನಿಜವಾಗಿಯೂ ಕೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು ಸರಿಯಾಗಿ ನಿದ್ದೆ ಮಾಡುತ್ತೀಯೋ, ಇಲ್ಲಾ ಒದ್ದೆ ತಲೆಯಲ್ಲಿ ಕಿಟಕಿ ತೆರೆದಿಟ್ಟು ಮಲಗುವ ಹಳೆಯ ಚಾಳಿ ಅಲ್ಲೂ ಮುಂದುವರಿದಿದೆಯೋ? ಉತ್ತರ ಬರೆಯುವಾಗ ಇದನ್ನು ಹಾರಿಸಿಬಿಡಬೇಡ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ಮೊಣಕಾಲು ಮಾತ್ರ ಆಗಾಗ ಮುಷ್ಕರ ಹೂಡುತ್ತದೆ. ಫೋನು ಇರುವಾಗ ಇದೇನು ಕಾಗದ ಎಂದು ನಗಬೇಡ. ಈ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ನಡುವಿನ ಪರದೆಯ ಆಚೆ ಕೇಳುತ್ತದೆ. ಪಕ್ಕದ ಊರಿಗೆ ತರಬೇತಿಗೆ ಹೋಗುತ್ತೇನೆಂದು ಹೇಳಿ ನೀನು ವಿಮಾನ ಹತ್ತಿದ ದಿನ ಅಮ್ಮ ಹೊರಡಿಸಿದ ಆಜ್ಞೆ ಇನ್ನೂ ಜಾರಿಯಲ್ಲಿದೆ: "ಅವಳ ದನಿ ಇನ್ನು ಈ ಮನೇಲಿ ಕೇಳಬಾರದು." ಈಗ ಇಸ್ತ್ರಿ ಮಾಡಿದ ಬಟ್ಟೆಗಳ ಗಂಟು ಹೊತ್ತುಕೊಂಡು ಮನೆಮನೆಗೆ ಕೊಡಲು ಹೋಗಿದ್ದಾಳೆ. ಬರುವುದರೊಳಗೆ ಬರೆದು ಮುಗಿಸಬೇಕು. ಒಂದು ಕಡೆ ಕೂರಲಾಗುತ್ತಿಲ್ಲ, ಆಗಲೇ ಎರಡು ಸಲ ಎದ್ದು ಬಾಗಿಲಾಚೆ ಇಣುಕಿ ಬಂದೆ.

ಮುಂದಿನ ಕೋಣೆಯಲ್ಲಿ ನಾನು ಸಂಜೆ ಇಂಗ್ಲಿಷ್ ಕಲಿಸುತ್ತಿರುವುದು ನಿನಗೆ ಗೊತ್ತು. ಬರುವವರೆಲ್ಲ ದಿನವಿಡೀ ದುಡಿದು ಬರುವವರು: ಕೊರಳಲ್ಲಿ ಅಳತೆ ಟೇಪು ತೆಗೆಯುವುದನ್ನೇ ಮರೆಯುವ ಟೈಲರಣ್ಣ, ಔಷಧಿ ಅಂಗಡಿಯ ಹುಡುಗಿ, ಬ್ಯಾಂಕಿನ ಬಾಗಿಲು ಕಾಯುವ ವಾಚ್‌ಮನ್ ಮಾವ, ಇನ್ನೂ ಕೆಲವರು. ಎಲ್ಲರೂ ಹೊರದೇಶದಲ್ಲಿ ಕೆಲಸ ಸಿಗುವಂಥ ಪರೀಕ್ಷೆಗೆ ಕೂರುವವರೇ. ಅವರಿಗೆ ಪುಸ್ತಕ ಒದಗಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿದೆ. ದೊಡ್ಡ ಪುಸ್ತಕದಂಗಡಿಯಲ್ಲಿ ಒಂದು ಚೆಂದದ ಪೆಟ್ಟಿಗೆ ಇದೆ, ಪಠ್ಯ, ಚಿತ್ರ, ಧ್ವನಿಮುದ್ರಣ ಎಲ್ಲ ಒಳಗೇ. ಬೆಲೆ ಕೇಳಿ ನನ್ನ ಮುಖ ಬಿಳಿಚಿಕೊಂಡಿತು. ಅಂಗಡಿಯವನು ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ತೋರಿಸಲೂ ಒಪ್ಪಲಿಲ್ಲ, ಒಳಗಿರುವುದನ್ನು ನಾನು ಕಣ್ಣಲ್ಲೇ ಕದ್ದುಕೊಂಡು ಹೋಗುತ್ತೇನೆ ಎಂಬ ಅನುಮಾನ. ಅವನ ಅನುಮಾನ ಸರಿಯಾಗಿಯೇ ಇತ್ತು ಬಿಡು.

ಅಲ್ಲಿಂದ ಹಳೇ ಪೇಪರ್ ಅಂಗಡಿಗೆ ಹೋದೆ. ತೂಕಕ್ಕೆ ಸಿಕ್ಕ ಅಭ್ಯಾಸ ಪುಸ್ತಕಗಳನ್ನು ಎದೆಗವಚಿಕೊಂಡು ತಂದೆ. ಬಿಚ್ಚಿ ನೋಡಿದರೆ ಯಾರೋ ಮಹಾನುಭಾವರು ಎಲ್ಲ ಖಾಲಿ ಜಾಗಗಳನ್ನೂ ಪೆನ್ಸಿಲ್ಲಿನಲ್ಲಿ ತುಂಬಿಬಿಟ್ಟಿದ್ದಾರೆ, ಅದೂ ಒಂದೊಂದೂ ತಪ್ಪು. ಒಂದು ಭಾನುವಾರವಿಡೀ ರಬ್ಬರು ಹಿಡಿದು ಉಜ್ಜಿದೆ. ನನಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮುಖದಲ್ಲಿ ಅಮ್ಮನೂ ಪಕ್ಕದಲ್ಲಿ ಕೂತು ಉಜ್ಜಿದಳು, ನನಗಿಂತ ಚೊಕ್ಕಟವಾಗಿ. ಸಾಲದ್ದಕ್ಕೆ ಔಷಧಿ ಅಂಗಡಿಯ ಹುಡುಗಿ ಮಾತ್ರೆ ಡಬ್ಬಿಗಳಲ್ಲಿ ಮಡಚಿಟ್ಟಿರುವ ಚೀಟಿಗಳನ್ನು ಚೀಲದ ತುಂಬ ತಂದುಕೊಟ್ಟಳು. ಬಿಟ್ಟಿ ಸಿಕ್ಕಿದ ಇಂಗ್ಲಿಷ್, ನಾನು ಬಿಡುತ್ತೇನೆಯೇ? ಒಂದು ತಿಂಗಳು ಅದೇ ಪಾಠ. ಆಮೇಲೆ ಒಂದು ಸಂಜೆ, ನಿಮ್ಮ ಬಗ್ಗೆ ಎರಡು ಮಾತು ಹೇಳಿ ಎಂದು ಟೈಲರಣ್ಣನನ್ನು ಎಬ್ಬಿಸಿದೆ. ಆತ ಎದೆ ಸೆಟೆಸಿ ನಿಂತು ಸೊಗಸಾದ ಇಂಗ್ಲಿಷಿನಲ್ಲಿ, ತಾನು ಟೈಲರ್ ಎಂದೂ ತನ್ನನ್ನು ಮಕ್ಕಳ ಕೈಗೆ ಸಿಗದಂತೆ ತಂಪಾದ ಜಾಗದಲ್ಲಿ ಇಡಬೇಕೆಂದೂ ಹೇಳಿದ. ಒಂದೂ ತಪ್ಪಿಲ್ಲ. ನಾನು ಶಹಬ್ಬಾಸ್ ಅನ್ನದೆ ಇನ್ನೇನು ಮಾಡಲಿ, ಹೇಳು.

ಓದುವುದು ಬರೆಯುವುದು ಹೀಗೆ ಹೇಗೋ ನಡೆಯಿತು. ಕೇಳಿಸಿಕೊಳ್ಳುವುದೇ ಕಷ್ಟವಾಯಿತು. ಪರೀಕ್ಷೆಯಲ್ಲಿ ಯಾರೋ ಮಾತಾಡುತ್ತಾರೆ, ಇವರು ಕೇಳಿ ಉತ್ತರ ಕೊಡಬೇಕು. ನನ್ನ ಇಂಗ್ಲಿಷ್ ಇವರಿಗೆ ಅರ್ಥವಾಗುತ್ತದೆ, ಬೇರೆ ಯಾರದೂ ಆಗುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುವವರೆಲ್ಲ ರೈಲು ತಪ್ಪಿಹೋಗುತ್ತದೆ ಎಂಬಂತೆ ಮಾತಾಡುತ್ತಾರೆ. ಅದಕ್ಕೇ ನಿನ್ನ ಬೆನ್ನು ಹತ್ತಿದ್ದು, ಬೆಳಗಿನಿಂದ ಏನೇನು ಮಾಡಿದೆ ಎಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು ಎಂದು. ನೀನು ಕಳಿಸಿದೆ, ಒಂದೊಂದೂ ನಮಗೊಂದು ಪಾಠ. ನಿನ್ನ ಮನೆಯೊಡತಿ, ಅವಳ ಕುಂಟು ಬೆಕ್ಕು, ದಿನವೂ ಹೊರಗೆ ಬಿಸಿಲಿದೆಯೇ ಎಂದು ಕೇಳುವ ನಿನ್ನ ವಾರ್ಡಿನ ಅಜ್ಜ, ಇವರೆಲ್ಲ ಈಗ ನಮ್ಮ ಕ್ಲಾಸಿನವರ ನೆಂಟರಿದ್ದ ಹಾಗೆ. ಆ ದನಿ ಯಾರದು ಎಂದು ಅಮ್ಮ ಕೇಳಿದಳು. ಅಂಗಡಿಯಿಂದ ಕೊಂಡ ಪಾಠ, ಯಾರೋ ಒಬ್ಬ ಹೆಂಗಸು ಎಂದೆ. ಅಮ್ಮ ಹೂಂ ಅಂದು ಪರದೆಯ ಹಿಂದೆ ಇಸ್ತ್ರಿ ಮುಂದುವರಿಸಿದಳು. ಇಂಗ್ಲಿಷಿನಲ್ಲಿ ನಿನ್ನ ದನಿ ಬೇರೆಯೇ ಆಗುತ್ತದಲ್ಲ, ಗೊತ್ತಾಗಲಿಲ್ಲ ಎಂದುಕೊಂಡು ನಾನು ನಿಶ್ಚಿಂತೆಯಿಂದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ನಾಲ್ಕನೇ ಪಾಠದಲ್ಲಿ ನೀನು ಕೆಟಲ್ಲಿಗೆ ನೀರು ತುಂಬಿ, ಬಸ್ಸಿಗೆ ಓಡುವ ಮುಂಚೆ ಎರಡು ಸಲ ಕೆಮ್ಮಿದ್ದೀಯ. ನಿನಗೆ ನೆನಪಿರಲಿಕ್ಕಿಲ್ಲ. ನಾನೂ ಗಮನಿಸಿರಲಿಲ್ಲ. ನಮ್ಮ ಕ್ಲಾಸಿನ ಪದ್ಧತಿ ಏನೆಂದರೆ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಎಲ್ಲರೂ ಒಟ್ಟಿಗೆ ಹೇಳಬೇಕು, ಏನನ್ನೂ ಬಿಡಬಾರದು. ಅವರು ಬಿಡಲಿಲ್ಲ. ಕೆಟಲ್ಲಿಗೆ ನೀರು ತುಂಬಿದರು, ಎಲ್ಲರೂ ಸೇರಿ ಎರಡು ಸಲ ಕೆಮ್ಮಿದರು, ಬಸ್ಸಿಗೆ ಓಡಿದರು. ವಾಚ್‌ಮನ್ ಮಾವನಂತೂ ಎದೆಯ ಮೇಲೆ ಕೈಯಿಟ್ಟು ಕೆಮ್ಮಿದ. ನಾನು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಳ್ಳುತ್ತಿದ್ದಾಗ ಸುಟ್ಟ ವಾಸನೆ ಬಂತು.

ಪರದೆ ಸರಿಯಿತು. ಅಮ್ಮ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಹಿಡಿದುಕೊಂಡು ವೈರು ಎಳೆದಷ್ಟು ದೂರ ಬಂದು ನಿಂತಳು. "ಈ ಕೆಮ್ಮು ಎಷ್ಟು ದಿನದಿಂದ?" ಎಂದಳು. ತಮ್ಮನ್ನೇ ಕೇಳಿದಳೆಂದು ತಿಳಿದ ವಾಚ್‌ಮನ್ ಮಾವ, ನಮಗೇನೂ ಆಗಿಲ್ಲ, ಇದು ಪಾಠದಲ್ಲೇ ಇದೆ ಎಂದು ವಿನಯದಿಂದ ಹೇಳಿದ. ಅಮ್ಮ ಅವನತ್ತ ತಿರುಗಲೂ ಇಲ್ಲ. ಅಷ್ಟು ಮಾತ್ರ ಇನ್ನೊಂದು ಸಲ ಹಾಕು ಎಂದು ನನಗೆ ಹೇಳಿದಳು. ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. "ಗಂಟಲಿಂದಲ್ಲ, ಎದೆಯಿಂದ ಬರ್ತಿದೆ," ಎಂದಷ್ಟೇ ಹೇಳಿ ಒಳಗೆ ಹೋದಳು. ಮೇಜಿನ ಮೇಲೆ ಯಾರದೋ ಬಿಳಿ ಅಂಗಿಯ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯ ಗುರುತು ಕಂದು ಬಣ್ಣದಲ್ಲಿ ಅಚ್ಚೊತ್ತಿತ್ತು. ಅಮ್ಮನ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ನೀನೂ ನೋಡಿಲ್ಲ, ನಾನೂ ನೋಡಿಲ್ಲ.

ಅಲ್ಲಿಂದೀಚೆಗೆ ಅಮ್ಮ ಒಂದು ಹೊಸ ರೂಢಿ ಮಾಡಿಕೊಂಡಿದ್ದಾಳೆ. ಕ್ಲಾಸು ಶುರುವಾದ ಕೂಡಲೇ ಕಾಲರು ಮಡಚುವ ನೆಪದಲ್ಲಿ ಸ್ಟೂಲು ಎಳೆದುಕೊಂಡು ಪರದೆಯ ಪಕ್ಕ ಕೂರುತ್ತಾಳೆ. ಇವತ್ತು ಆ ಅಂಗಡಿ ಹೆಂಗಸು ಮಾತಾಡೋದಿಲ್ವಾ ಎಂದು ಕೇಳುತ್ತಾಳೆ. ನಾನು ಹೊಸದು ಬಂದಿಲ್ಲ ಎನ್ನುತ್ತೇನೆ. ಅಂಗಡಿಯ ಪಾಠ ಎಂದು ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂದು ನನಗೆ ಗೊತ್ತು. ನೀನೋ, ಐದನೇ ಪಾಠ ಕಳಿಸಿಯೇ ಇಲ್ಲ, ಮೆಸೇಜಿಗೂ ಉತ್ತರವಿಲ್ಲ. ಪಾಳಿ ಜಾಸ್ತಿಯೋ, ಮರೆತೆಯೋ, ಇಲ್ಲಾ ಜ್ವರ ಬಂದು ಮಲಗಿಬಿಟ್ಟಿದ್ದೀಯೋ ಎಂದು ನೂರು ಸಲ ಲೆಕ್ಕ ಹಾಕುತ್ತೇನೆ. ಪಾತ್ರೆ ತೊಳೆಯುವಾಗಲೂ ಫೋನು ನೋಡುತ್ತಿರುತ್ತೇನೆ. ಅಕ್ಕಾ, ನನಗೆ ನಿಜವಾಗಿ ಭಯವಾಗಿದೆ. ಎದೆ ಪರೀಕ್ಷೆ ಮಾಡಿಸಿಕೋ. ಆಸ್ಪತ್ರೆಯಲ್ಲೇ ಇದ್ದುಕೊಂಡು ತನ್ನ ಮೈ ತೋರಿಸಿಕೊಳ್ಳಲು ಪುರುಸೊತ್ತಿಲ್ಲ ಎನ್ನುವವಳು ನೀನೊಬ್ಬಳೇ.

ಕ್ಲಾಸಿನವರೆಲ್ಲ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಟೈಲರಣ್ಣನಿಗೆ ಬೆಕ್ಕಿನ ಕಾಲು ವಾಸಿಯಾಯಿತೇ ಎಂದು ತಿಳಿಯಬೇಕಂತೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ತಿನ್ನು, ನನ್ನ ಮೇಲೆ ರೇಗುವುದಿದ್ದರೂ ಬೇಗ ಬರೆದು ರೇಗು.

ನಿನ್ನ ಮುದ್ದಿನ, ನೀನು ಬೇಡವೆಂದರೂ ಮುದ್ದಿನ,
ತಂಗಿ

ಕೊನೆಗೊಂದು ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಮ್ಮ ಬಂದುಬಿಟ್ಟಳು. ಬಚ್ಚಿಡಲು ಆಗಲಿಲ್ಲ. ಯಾರಿಗೆ ಎಂದು ಕೇಳಲಿಲ್ಲ. ಗಂಟು ಕಟ್ಟಿದ್ದ ಬಟ್ಟೆ ಮಡಚಿಟ್ಟು, ನನ್ನ ಕಡೆಗೆ ಬೆನ್ನು ಹಾಕಿಕೊಂಡು ಹೇಳಿದ್ದನ್ನು, ನಮ್ಮ ಕ್ಲಾಸಿನ ಪದ್ಧತಿಯಂತೆ, ಕಿವಿಗೆ ಬಿದ್ದ ಹಾಗೆಯೇ ಬರೆಯುತ್ತಿದ್ದೇನೆ: "ಮುಂದಿನ ಪಾಠದ ಕೊನೇಲಿ ಒಂದೇ ಒಂದು ಸಾಲು ನಮ್ಮ ಮಾತಲ್ಲಿ ಹೇಳೋಕೆ ಹೇಳು, ಹುಷಾರಾಗಿದ್ದೀನಿ ಅಂತ. ನಂಗೆ ಅಂತ ಬರೀಬೇಡ. ಪಾಠಕ್ಕೆ ಅಂತ ಬರಿ."