ನಾನು ಬರೆದ ಕಣ್ಣು

ಗೋಕಾಕ,
೮ ಡಿಸೆಂಬರ್ ೨೦೨೪

ದಾನೇಶ್ವರಿ,

‘ಚಿ. ಸೌ.’ ಎಂದು ಬರೆಯಲು ಹೋದ ಕೈ ನಿಂತಿತು. ಅದಕ್ಕೆ ನಿನ್ನ ಹೆಸರನ್ನಷ್ಟೇ ಬರೆದಿದ್ದೇನೆ. ಧಾರವಾಡದ ಥಂಡಿ ನಿನಗೆ ಆಗುವುದಿಲ್ಲ, ಕಿವಿ ಕಟ್ಟಿಕೊಂಡು ಸಾಲೆಗೆ ಕಲಿಸಲು ಹೋಗು. ನಾನು ಗಟ್ಟಿ ಇದ್ದೇನೆ.

ಶ್ರೀಶೈಲನ ಕಡೆಯ ಚಿತ್ರವನ್ನು ಕಳಿಸಿರೆಂದು ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ಬೇರೆ ಮಾತು ತೆಗೆದೆ. ಅವನ ಚಿತ್ರಗಳ ಪ್ರದರ್ಶನದಲ್ಲಿ ನಡುಗೋಡೆಯನ್ನು ಅದಕ್ಕೆಂದೇ ಖಾಲಿ ಇಟ್ಟಿರುವುದಾಗಿ ನೀನು ಹೇಳಿದೆ. ಇನ್ನು ಸುಮ್ಮನಿರುವುದು ಸರಿಯಲ್ಲ.

ನಮ್ಮದು ಗೊಂಬೆ ಮಾಡುವ ಮನೆ ಎಂಬುದು ನಿನಗೆ ಗೊತ್ತು. ನಮ್ಮ ಮಾವನವರು ಮಾಡಿದ ಕಟ್ಟಿಗೆಯ ಪೇರಲ ಹಣ್ಣನ್ನು ಗಿಳಿ ಬಂದು ಕುಕ್ಕಿತ್ತು. ಅಂಥ ಮನೆಯಲ್ಲಿ ಹುಟ್ಟಿದ ನನ್ನ ಮಗ ಗೋಕಾಕ ಫಾಲ್ಸಿನ ಮಂಜನ್ನು ಬರೆಯುತ್ತೇನೆಂದು ದಿನಾ ನಸುಕಿನಲ್ಲಿ ಬಸ್ ಹತ್ತುತ್ತಿದ್ದ. ಒಂದೇ ಜಾಗ, ಒಂದೇ ನೀರು, ಹದಿನೈದು ಚಿತ್ರ. ಬೆಳಕು ಬೇರೆ ಬೇರೆ ಎನ್ನುತ್ತಿದ್ದ.

ಆ ಕಡೆಯ ಚಿತ್ರವನ್ನು ಪಡಸಾಲೆಗೆ ತಂದಿಟ್ಟ ದಿನ ನೀನು ತವರಿಗೆ ಹೋಗಿದ್ದೆ. ತೂಗುಸೇತುವೆಯ ಮೇಲೆ ನೇರಳೆ ಸೀರೆಯ ಹೆಂಗಸು, ಮುಖದಲ್ಲಿ ನಾಲ್ಕು ಬಣ್ಣದ ಮುದ್ದೆ. “ಕಣ್ಣ ಬರಿಯಾಕ ಮರತಿಯೇನ?” ಎಂದೆ.

“ಹತ್ತ ಹೆಜ್ಜಿ ಹಿಂದ ಸರದ ನೋಡ ಯವ್ವಾ.”

“ನನ್ನ ಮನ್ಯಾಗ ನಾ ಯಾಕ ಹಿಂದ ಸರೀಲಿ?”

ಅವನು ನಕ್ಕ. ಆಮೇಲೆ ನನ್ನ ಎದುರಿಗೆ ಕೂತು ಕಥೆ ಹೇಳಿದ. ನೂರೈವತ್ತು ವರ್ಷದ ಹಿಂದೆ ಫ್ರಾನ್ಸ್ ದೇಶದಲ್ಲಿ ತಗಡಿನ ಕೊಳವೆಯೊಳಗೆ ಬಣ್ಣ ಸಿಗತೊಡಗಿದ ಮೇಲೆ ಕೆಲವರು ಕೋಣೆ ಬಿಟ್ಟು ಹೊಳೆದಂಡೆಗೆ ನಡೆದರಂತೆ. ಬೆಳಕು ಓಡುವಾಗ ಕೈಯೂ ಓಡಬೇಕು. ಅದಕ್ಕೆ ಬಣ್ಣವನ್ನು ನುಣ್ಣಗೆ ಕಲಸದೆ ಚುಕ್ಕೆ ಚುಕ್ಕೆಯಾಗಿ ಬಾಜೂ ಬಾಜೂ ಇಟ್ಟರಂತೆ, ನೋಡುವವರ ಕಣ್ಣೇ ಕಲಸಿಕೊಳ್ಳಲಿ ಎಂದು. ದೊಡ್ಡ ಪ್ರದರ್ಶನದವರು ಒಳಗೆ ಬಿಡದಿದ್ದಾಗ ತಾವೇ ಬೇರೆ ಪ್ರದರ್ಶನ ಇಟ್ಟರು. ಅಲ್ಲಿ ಸೂರ್ಯೋದಯದ ಚಿತ್ರ ನೋಡಿದ ಪತ್ರಿಕೆಯವನೊಬ್ಬ, ಇದು ಬರೀ ಇಂಪ್ರೆಶನ್, ಕಣ್ಣಿಗೆ ಹೊಳೆದ ಛಾಯೆ ಅಷ್ಟೇ, ಗೋಡೆಗೆ ಹಚ್ಚುವ ಕಾಗದವಾದರೂ ಇದಕ್ಕಿಂತ ಪೂರ್ತಿಯಾಗಿರುತ್ತದೆ ಎಂದು ಹಂಗಿಸಿದ. ಅವರು ಆ ಹಂಗಿಸಿದ ಮಾತನ್ನೇ ಹೆಸರು ಮಾಡಿಕೊಂಡರು. ಪೇಪರಿನವ ಶ್ಯಾಣ್ಯಾ ಇದ್ದ ಎಂದೆ ನಾನು. ನೆರಳು ಕಪ್ಪಲ್ಲ, ಅದರಲ್ಲಿ ನೀಲಿ, ನೇರಳೆ ಇರುತ್ತದೆ ಎಂದೂ ಹೇಳಿದ. ಅದನ್ನೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹತ್ತು ದಿನಕ್ಕೆ ಅವನಿಗೆ ಜ್ವರ ಬಂತು. ಮೂರೇ ದಿನ. ಉಳಿದದ್ದು ನಿನಗೇ ಗೊತ್ತು.

ಈ ಮನೆಯಲ್ಲಿ ಕಣ್ಣಿಲ್ಲದ ಗೊಂಬೆಯನ್ನು ಬಿಡುವುದಿಲ್ಲ. ಕಣ್ಣನ್ನು ಎಲ್ಲಕ್ಕೂ ಕಡೆಗೆ, ಮನೆಯ ಹಿರಿಯರೇ ಬರೆಯಬೇಕು. ಮಗ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದ, ಮುಗಿಸುವುದು ನನ್ನ ಪಾಲಿನದು ಎಂದುಕೊಂಡೆ. ನಿನ್ನ ನೇರಳೆ ಸೀರೆ ನೆನಪಿತ್ತು. ಅವಳು ನೀನೇ ಎಂದು ತಿಳಿದು ನಿನ್ನ ಕಣ್ಣು ಬರೆದೆ. ಹುಬ್ಬು ತೀಡಿದೆ, ಸೀರೆಗೆ ಕಪ್ಪು ಗೆರೆಯ ಅಂಚು ಕಟ್ಟಿದೆ, ಮೇಲೆ ವಾರ್ನಿಷ್ ಬಳಿದೆ.

ಅಂದಿನಿಂದ ಅವಳು ನೋಡುತ್ತಾಳೆ. ಅಡುಗೆಮನೆಗೆ ಹೋದರೂ ಬೆನ್ನಿನ ಮೇಲೆ ನೋಟ. ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ, ಆಗ ಗೋಡೆಯೇ ನೋಡತೊಡಗಿತು. ಕಸ ಗುಡಿಸುವ ಲಕ್ಕವ್ವ ಪಡಸಾಲೆಗೆ ಬರುವುದನ್ನೇ ಬಿಟ್ಟಳು. “ಅವ್ವಾರ, ಆಕಿ ಸತ್ತವರು ನೋಡಿಧಾಂಗ ನೋಡ್ತಾಳ್ರಿ” ಎಂದಳು. ಅವಳನ್ನು ಬೈದೆ. ಚಿತ್ರದೊಳಗಿನ ಮಂಜು ಹೋಗಿತ್ತು, ನೀರು ನಿಂತುಬಿಟ್ಟಿತ್ತು. ಅದು ನನಗೂ ಕಾಣುತ್ತಿತ್ತು.

ಹೋದ ರವಿವಾರ ಅವನ ಜೊತೆ ಕಲಿತ ಹುಕ್ಕೇರಿಯ ಸಿದ್ರಾಯ ಚಿತ್ರ ಒಯ್ಯುವ ಪೆಟ್ಟಿಗೆಗೆ ಅಳತೆ ತೆಗೆದುಕೊಳ್ಳಲು ಬಂದ. ಚಿತ್ರ ತಿರುಗಿಸಿದವನು ಅಲ್ಲೇ ನೆಲದ ಮೇಲೆ ಕೂತ. “ಅವ್ವಾರ, ಇದು ಮುಗದಿತ್ರಿ” ಎಂದ. ಮುಗಿದ ದಿನ ಶ್ರೀಶೈಲ ಕಳಿಸಿದ್ದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ. ಅಂಗೈಯಗಲ ಸಣ್ಣದಾಗಿದ್ದ ಆ ಚಿತ್ರದಲ್ಲಿ ನಾಲ್ಕು ಮುದ್ದೆಗಳು ಕೂಡಿ ಒಂದು ಮುಖವಾಗಿದ್ದವು. ಆ ಮುಖ ನಗುತ್ತಿತ್ತು. ನಿನ್ನ ನಗು ಎಂದುಕೊಂಡೆ.

ಅಳಿಸಲು ಬರುತ್ತದೇನು ಎಂದು ಕೇಳಿದೆ. ವಾರ್ನಿಷ್ ತೆಗೆದರೆ ಅವನ ಬಣ್ಣವೂ ಜೊತೆಗೆ ಬರಬಹುದು ಎಂದ. ಅದನ್ನು ನೀನು ನಿರ್ಧರಿಸು. ಹಾಗೆಯೇ ತೂಗುಹಾಕುವುದಾದರೆ, ಕಣ್ಣು ಬರೆದವರು ಯಾರೆಂದು ಕೇಳಿದವರಿಗೆ ನನ್ನ ಹೆಸರು ಹೇಳು. ಮಗನ ಮೇಲೆ ಆ ತಪ್ಪು ಬರಬಾರದು.

ನಾಳೆ ಸಿದ್ರಾಯನೇ ತಂದು ಕೊಡುತ್ತಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬಾಳಿಗೆ ಒಳ್ಳೆಯದಾಗಲಿ. ಇದನ್ನು ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆದಿದ್ದೇನೆ.

ನಿನ್ನ ಅತ್ತೆ,
ಅಕ್ಕವ್ವ

ತಾ.ಕ.: ಕಾಗದ ಮಡಿಚಿಟ್ಟು ಬಟ್ಟೆ ಸುತ್ತಲು ಚಿತ್ರವನ್ನು ಮಗುಚಿದಾಗ ಚೌಕಟ್ಟಿನ ಅಡಿಪಟ್ಟಿ ಕಂಡಿತು. ಪೆನ್ಸಿಲ್ಲಿನಲ್ಲಿ ಅವನ ಅಕ್ಷರ: ‘ಅವ್ವ, ತೂಗುಸೇತುವೆ, ನಸುಕು.’ ನೌಕರಿ ಬಿಟ್ಟು ಇಲ್ಲೇನು ಮಾಡುತ್ತೀ ಎಂದು ಬೈಯಲು ನಾನೊಮ್ಮೆ ಅಲ್ಲಿಗೆ ಹೋಗಿದ್ದೆ. ಉಟ್ಟದ್ದು ನನ್ನ ಮಾಸಲು ಬಿಳಿ ಸೀರೆ. ನೆರಳಿನಲ್ಲಿ ಅದು ಅವನಿಗೆ ನೇರಳೆಯಾಗಿ ಕಂಡಿದೆ. ಕಡೆಯ ಚಿತ್ರದಲ್ಲೂ ಹೆಂಡತಿಯೇ ಎಂಬ ಹೊಟ್ಟೆಕಿಚ್ಚಿನಲ್ಲಿ ಆ ಕಣ್ಣುಗಳನ್ನು ಒತ್ತಿ ಒತ್ತಿ ಬರೆದಿದ್ದೆ, ದಾನೇಶ್ವರಿ. ಈಗ ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ. ನಿನ್ನ ಕಣ್ಣುಗಳಷ್ಟೇ ಕಾಣುತ್ತವೆ. ಆ ಫೋಟೋದಲ್ಲಿದ್ದ ಹಾಗೆ ನಾನು ಯಾವಾಗ ನಕ್ಕಿದ್ದೆನೋ, ಅದನ್ನು ಕಂಡವನು ಅವನೊಬ್ಬನೇ.