ಬೋಳು ಬೆಲ್ಟು

ಹನ್ನೆರಡನೇ ತಾರೀಖು, ಮಂಗಳವಾರ.

ಯಜಮಾನರು ಬೆಲ್ಟಿನ ಒದ್ದೆ ಚರ್ಮಕ್ಕೆ ಗಿರಾಕಿಯ ಹೆಸರು ಒತ್ತಲು ಕೂತಿದ್ದರು. ಅಕ್ಷರದ ಅಚ್ಚುಗಳನ್ನು ಬೆರಳಲ್ಲೇ ತಡವಿ ಆರಿಸುತ್ತಿದ್ದರು. ಕೈ ಪಳಗಿದೆ, ಅದಕ್ಕೇ ಈ ಜಂಬ ಎಂದುಕೊಂಡಿದ್ದೆ. ಸುತ್ತಿಗೆ ಯಾಕೋ ಟಕಟಕ ಎಂದಿತು. ಚರ್ಮ ಹಾಗೆ ಸದ್ದು ಮಾಡುವುದಿಲ್ಲ. ಹೋಗಿ ನೋಡಿದರೆ ಅಕ್ಷರಗಳೆಲ್ಲ ಪಕ್ಕದ ಮರದ ಮಣೆಯ ಮೇಲೆ ನೆಟ್ಟಗೆ ಸಾಲಾಗಿ ಕೂತಿವೆ. ಬೆಲ್ಟು ಬೋಳು.

ಆ ಬೋಳು ಬೆಲ್ಟನ್ನೇ ನನ್ನತ್ತ ಎತ್ತಿ ಹಿಡಿದು, “ಇವತ್ತು ಏನು ಕೊಂಕು ತೆಗೀತೀಯೋ ತೆಗಿಯೇ” ಎಂದು ನಕ್ಕರು.

“ಚೆನ್ನಾಗಿದೆ ರೀ” ಎಂದೆ.

ಅವರ ನಗು ಆರಿಹೋಯಿತು. “ನೀನು ಚೆನ್ನಾಗಿದೆ ಅಂದ್ಯಾ? ಹಾಗಾದ್ರೆ ಅಕ್ಷರ ಎಲ್ಲಿಗೆ ಬಿತ್ತೇ?”

ಅವರ ಬೆರಳು ಹಿಡಿದು ಮಣೆಯ ಮೇಲಿಟ್ಟೆ. ಅವರ ಕಣ್ಣು ಯಾವಾಗ ಹೋಯಿತು? ಇಷ್ಟು ದಿನ ನನ್ನ ಕಣ್ಣು ಎಲ್ಲಿ...